ಟರ್ಬೊ ಬೂಸ್ಟ್ ಕಂಟ್ರೋಲ್: ಯಾವ ಹೋಸ್ ಎಲ್ಲಿಂದ ಎಲ್ಲಿಗೆ?

(ಫೋರಂ ಚರ್ಚೆ. ಪ್ರತಿ ಬರಹದ ಮೇಲಿರೋದು ಬರೆದವರ ಅಡ್ಡಹೆಸರು.)

ಮೂರನೇ ಗೇರ್

ಗಾಡಿ ಆಕ್ಟೇವಿಯಾ ಆರ್‌ಎಸ್, 1.8 ಟರ್ಬೊ ಪೆಟ್ರೋಲ್. ಕೆ03 ಟರ್ಬೊ, ವೇಸ್ಟ್‌ಗೇಟ್ (ಹೆಚ್ಚಾದ ಎಕ್ಸಾಸ್ಟನ್ನು ಟರ್ಬೊ ಚಕ್ರ ತಪ್ಪಿಸಿ ಬಿಡೋ ಬಾಗಿಲು) ಟರ್ಬೊ ಒಳಗೇ ಇದೆ. ಬೂಸ್ಟ್, ಅಂದರೆ ಟರ್ಬೊ ಒತ್ತಡ, ಹಿಡಿತದಲ್ಲಿಡೋ ಹಳೆಯ ಎನ್75 ವಾಲ್ವ್ ತೆಗೆದು ಮ್ಯಾಕ್ ಕಂಪನಿಯ 3 ಪೋರ್ಟ್ ಸೊಲೆನಾಯ್ಡ್ (ಕರೆಂಟ್‌ನಿಂದ ತೆರೆದು ಮುಚ್ಚೋ ವಾಲ್ವ್) ಹಾಕಬೇಕು. ಹೋಸ್‌ಗಳೆಲ್ಲ ಗಟ್ಟಿಯಾಗಿ ಸೀಳು ಬಿಟ್ಟಿವೆ, ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಹೊಸದು ಮಾಡುವ ಯೋಚನೆ. ಇಸಿಯು (ಎಂಜಿನ್ ಕಂಪ್ಯೂಟರ್) ಮ್ಯಾಪ್, ಅಂದರೆ ಅದರ ಸೆಟ್ಟಿಂಗ್ ವಿಷಯ ಬೇರೆ, ಇಲ್ಲಿ ಹೋಸ್ ಹಾದಿ ಒಂದೇ ಕೇಳ್ತಿದ್ದೀನಿ.

ಸೊಲೆನಾಯ್ಡ್ ಮೇಲೆ 1, 2, 3 ಅಂತ ಇದೆ. ಸಿಕ್ಕ ಒಂದು ಚಿತ್ರದಲ್ಲಿ ಟರ್ಬೊ ಗಾಳಿ 1ಕ್ಕೆ, ಇನ್ನೊಂದರಲ್ಲಿ 3ಕ್ಕೆ. ಯಾವುದು ಸರಿ? ಗಾಳಿಯನ್ನು ಟರ್ಬೊ ಹತ್ತಿರದ ನಿಪ್ಪಲ್‌ನಿಂದ ತಗೊಳ್ಳೋದಾ, ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದಾನಾ? ಹೊರಗೆ ಬಿಡೋ ಪೋರ್ಟನ್ನು ಖಾಲಿ ಬಿಟ್ಟರೆ ಆಗುತ್ತಾ? ಸೊಲೆನಾಯ್ಡನ್ನು ಫೈರ್‌ವಾಲ್ ಮೇಲೆ ಕೂರಿಸಿದರೆ ವೇಸ್ಟ್‌ಗೇಟ್ ತೆರೆಯೋ ಆಕ್ಚುಯೇಟರ್‌ವರೆಗೆ 90 ಸೆಂ.ಮೀ. ಹೋಸ್ ಬೇಕಾಗುತ್ತೆ, ಅಷ್ಟು ಉದ್ದ ನಡೆಯುತ್ತಾ?

ನೀಲಿ ಹೋಸ್

ಸರ್, ಚಿತ್ರ ಎರಡೂ ಸರಿಯೇ. ಗಾಳಿ 3ಕ್ಕೆ ಇರೋದು ಒಳಗಿನ ವೇಸ್ಟ್‌ಗೇಟ್‌ಗೆ, 1ಕ್ಕೆ ಇರೋದು ಎರಡು ನಿಪ್ಪಲ್ ಇರೋ ಹೊರಗಿನ ವೇಸ್ಟ್‌ಗೇಟ್‌ಗೆ. ಎರಡನ್ನೂ ಬೆರೆಸಿದರೆ ಎಂಜಿನ್‌ಗೆ ಅಪಾಯ. ಅದಕ್ಕೆ ನಂಬರ್ ಬಾಯಿಪಾಠ ಮಾಡೋ ಬದಲು ಒಂದು ನಿಯಮ ಹಿಡ್ಕೊಳ್ಳಿ: ಸೊಲೆನಾಯ್ಡ್‌ಗೆ ಕರೆಂಟ್ ಇಲ್ಲದಿದ್ದಾಗ ಬೂಸ್ಟ್ ಕನಿಷ್ಠಕ್ಕೆ ಇಳಿಯಬೇಕು. ವೈರ್ ತುಂಡಾಗಲಿ, ಫ್ಯೂಸ್ ಹೋಗಲಿ, ಕನೆಕ್ಟರ್ ಸಡಿಲವಾಗಲಿ, ಆಗ ಟರ್ಬೊ ಗಾಳಿ ನೇರ ಆಕ್ಚುಯೇಟರ್‌ಗೆ ಹೋಗಿ ವೇಸ್ಟ್‌ಗೇಟ್ ತೆರೀಬೇಕು.

ಆಕ್ಚುಯೇಟರ್ ಡಬ್ಬಿಯೊಳಗೆ ಒಂದು ಸ್ಪ್ರಿಂಗ್, ಒಂದು ಡಯಾಫ್ರಾಮ್. ಸ್ಪ್ರಿಂಗ್ ವೇಸ್ಟ್‌ಗೇಟನ್ನು ಮುಚ್ಚಿ ಹಿಡಿದಿರುತ್ತೆ, ಒತ್ತಡದ ಗಾಳಿ ಡಯಾಫ್ರಾಮ್ ಒತ್ತಿ ರಾಡ್ ತಳ್ಳಿ ಅದನ್ನು ತೆರೆಯುತ್ತೆ. ಸೊಲೆನಾಯ್ಡ್‌ನ ಕೆಲಸ ಆ ಗಾಳಿಯಲ್ಲಿ ಸ್ವಲ್ಪವನ್ನು ಕದ್ದು ಹೊರಗೆ ಬಿಡೋದು, ಅಷ್ಟೇ. ಕದ್ದಷ್ಟೂ ಗೇಟ್ ತಡವಾಗಿ ತೆರೆಯುತ್ತೆ, ಬೂಸ್ಟ್ ಏರುತ್ತೆ.

ಮ್ಯಾಕ್ 35 ಸರಣಿಯಲ್ಲಿ ಕರೆಂಟ್ ಇಲ್ಲದಾಗ 2 ಮತ್ತು 3 ಕೂಡಿರುತ್ತವೆ, 1 ಮುಚ್ಚಿರುತ್ತೆ. ಕರೆಂಟ್ ಬಂದಾಗ 1 ಮತ್ತು 2 ಕೂಡುತ್ತವೆ, 3 ಮುಚ್ಚುತ್ತೆ. ಹಾಗಾಗಿ ನಿಮ್ಮ ಗಾಡಿಗೆ:

ಟರ್ಬೊ ಗಾಳಿ → 3
ಆಕ್ಚುಯೇಟರ್ → 2
ಹೊರಗೆ ಬಿಡೋದು → 1

ಬೇರೆ ಕಂಪನಿಯ ಸೊಲೆನಾಯ್ಡ್ ಆದರೆ ಬಾಯಲ್ಲಿ ಊದಿ ನೋಡಿ. ವೈರ್ ಹಚ್ಚದೆ ಒಂದೊಂದು ಪೋರ್ಟಿಗೂ ಅರ್ಧ ಅಡಿ ಹೋಸ್ ಸಿಕ್ಕಿಸಿ ಊದಿ. ಎರಡು ಪೋರ್ಟ್ ಮಧ್ಯೆ ಗಾಳಿ ಸಲೀಸಾಗಿ ಹೋಗುತ್ತೆ, ಮೂರನೆಯದಕ್ಕೆ ಊದಿದರೆ ಕೆನ್ನೆ ಉಬ್ಬುತ್ತೆ ಹೊರತು ಗಾಳಿ ಹೋಗಲ್ಲ. ಆ ಮೂರನೆಯದೇ ಹೊರಗೆ ಬಿಡೋ ಪೋರ್ಟ್. ಈಗ ಬ್ಯಾಟರಿಯಿಂದ 12 ವೋಲ್ಟ್ ಮುಟ್ಟಿಸಿ. ಟಕ್ ಅನ್ನಬೇಕು, ಮುಚ್ಚಿದ್ದ ಪೋರ್ಟ್ ತೆರೀಬೇಕು, ತೆರೆದಿದ್ದ ಎರಡರಲ್ಲಿ ಒಂದು ಮುಚ್ಚಬೇಕು. ಎರಡೂ ಸ್ಥಿತಿಯಲ್ಲಿ ಗಾಳಿ ಹೋಗೋ ಪೋರ್ಟ್ ಯಾವುದೋ ಅದು ಆಕ್ಚುಯೇಟರ್‌ಗೆ. ಎರಡು ನಿಮಿಷದ ಕೆಲಸ, ದಯವಿಟ್ಟು ಯಾರೂ ಬಿಡಬೇಡಿ.

1ಕ್ಕೂ 3ಕ್ಕೂ ಅದಲುಬದಲಾದರೆ ಕರೆಂಟ್ ಇಲ್ಲದಾಗ ಆಕ್ಚುಯೇಟರ್ ಖಾಲಿ, ವೇಸ್ಟ್‌ಗೇಟ್ ಸದಾ ಮುಚ್ಚಿರುತ್ತೆ, ಬೂಸ್ಟಿಗೆ ಮಿತಿಯೇ ಇರಲ್ಲ. ಮೊದಲ ಸಲ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಲೇ ಗೊತ್ತಾಗುತ್ತೆ, ಆ ಹೊತ್ತಿಗೆ ಪಿಸ್ಟನ್‌ಗೆ ಏಟು ಬಿದ್ದಿರಬಹುದು.

ಸ್ಪ್ಯಾನರ್ 10

ಒಂದು ಮಾತು ಸೇರಿಸ್ತೀನಿ. ಎನ್75 ಕೂಡ ಮೂರು ಪೋರ್ಟಿನದೇ. ಒಂದು ಟರ್ಬೊ ಕಂಪ್ರೆಸರ್‌ನಿಂದ, ಒಂದು ಆಕ್ಚುಯೇಟರ್‌ಗೆ, ಒಂದು ಏರ್ ಫಿಲ್ಟರ್‌ಗೂ ಟರ್ಬೊಗೂ ಮಧ್ಯದ ಇನ್‌ಟೇಕ್ ಪೈಪಿಗೆ. ಹಾದಿ ಹಾಗೇ ಇರುತ್ತೆ, ವಾಲ್ವ್ ಮಾತ್ರ ಬದಲಾಗೋದು. ಹಳೆಯ ಹೋಸ್ ಕಿತ್ತುಹಾಕೋ ಮೊದಲು ಮೂರಕ್ಕೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ, ಫೋಟೊ ತೆಗೆದಿಟ್ಕೊಳ್ಳಿ.

ಹಳೆಯ ಎನ್75ನ ಕಾಯಿಲ್ ಮಲ್ಟಿಮೀಟರ್‌ನಲ್ಲಿ 25ರಿಂದ 35 ಓಮ್ ತೋರಿಸಿ, ಊದಿದಾಗ ಪೋರ್ಟ್ ಸರಿಯಾಗಿ ಮುಚ್ಚುತ್ತಿದ್ದರೆ ಅದು ಕೆಟ್ಟಿಲ್ಲ. ಕೆ03ಯಂಥ ಚಿಕ್ಕ ಟರ್ಬೊಗೆ ಅದೇ ಸಾಕು. ಮ್ಯಾಕ್ ಹಾಕಿದರೆ ಮ್ಯಾಪ್‌ನಲ್ಲಿ ಡ್ಯೂಟಿ ಟೇಬಲ್ (ಸೊಲೆನಾಯ್ಡ್‌ಗೆ ಶೇಕಡಾ ಎಷ್ಟು ಹೊತ್ತು ಕರೆಂಟ್ ಕೊಡಬೇಕು ಅನ್ನೋ ಪಟ್ಟಿ) ಮತ್ತೆ ಬರೆಸಲೇಬೇಕು. ಎರಡು ವಾಲ್ವ್ ಒಂದೇ ಡ್ಯೂಟಿಗೆ ಒಂದೇ ಬೂಸ್ಟ್ ಕೊಡಲ್ಲ. ಹಾಗೇ ಓಡಿಸಿದರೆ ಬೂಸ್ಟ್ ಮೇಲೆ ಕೆಳಗೆ ಅಲೀತಾ ಇರುತ್ತೆ.

ಹುಬ್ಳಿ ಟರ್ಬೊ

ಗಾಳಿ ಎಲ್ಲಿಂದ ತಗೋಬೇಕು ಅನ್ನೋದಕ್ಕ ನಂದೊಂದು ಬ್ಯಾರೆ ವಿಚಾರ ಐತ್ರಿ. ಎಂಜಿನ್‌ಗೆ ಖರೇ ಮುಟ್ಟೋದು ಮ್ಯಾನಿಫೋಲ್ಡ್ ಒತ್ತಡ. ಟರ್ಬೊ ಬಾಯಾಗ 1 ಬಾರ್ ಇದ್ರ ಇಂಟರ್‌ಕೂಲರ್ ದಾಟೂದ್ರಾಗ 0.9 ಆಗಿರ್ತೈತಿ. ಅಂದಮ್ಯಾಲ ಮ್ಯಾನಿಫೋಲ್ಡ್‌ನಿಂದ ತಗೊಂಡ್ರ ವೇಸ್ಟ್‌ಗೇಟ್ ಎಂಜಿನ್ ನೋಡೂ ಒತ್ತಡಕ್ಕ ಸರಿಯಾಗಿ ತೆರೀತೈತಲ್ರಿ?

ನೀಲಿ ಹೋಸ್

ಲೆಕ್ಕ ಸರಿ ಸರ್, ಆದರೆ ತೊಂದರೆ ಬೇರೆ ಕಡೆ ಇದೆ. ಮ್ಯಾನಿಫೋಲ್ಡ್ ಥ್ರಾಟಲ್‌ನ ಆಚೆ ಇರೋದು. ಅರ್ಧ ಥ್ರಾಟಲ್‌ನಲ್ಲಿ ಏರು ಹತ್ತುವಾಗ ಥ್ರಾಟಲ್ ಈಚೆ ಒತ್ತಡ ಏರ್ತಾ ಇರುತ್ತೆ, ಆಚೆ ಕಡಿಮೆ. ಆಕ್ಚುಯೇಟರ್‌ಗೆ ಆಚೆಯದ್ದು ಮಾತ್ರ ಕಾಣ್ತಾ ಇದ್ದರೆ ವೇಸ್ಟ್‌ಗೇಟ್ ಮುಚ್ಚೇ ಇರುತ್ತೆ, ಟರ್ಬೊ ಸುಮ್ಮನೆ ವೇಗ ಏರಿಸ್ಕೊಳ್ತಾ ಹೋಗುತ್ತೆ. ಇಸಿಯುನೇ ಥ್ರಾಟಲ್ ಮುಚ್ಚಿ ಟಾರ್ಕ್ ಇಳಿಸೋ ಗಾಡಿಗಳಲ್ಲಿ ಇದು ಇನ್ನೂ ಕೆಟ್ಟದು.

ಇನ್ನೊಂದು, ಆಕ್ಸಿಲರೇಟರ್ ಬಿಟ್ಟ ತಕ್ಷಣ ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಬರುತ್ತೆ. ಒತ್ತಡಕ್ಕೆ ಅಂತ ಮಾಡಿದ ಡಯಾಫ್ರಾಮನ್ನು ಪ್ರತಿ ಸಲ ಹಿಂದಕ್ಕೆ ಎಳೆದರೆ ಅದರ ಆಯುಸ್ಸು ಕಡಿಮೆ ಆಗುತ್ತೆ. ಮತ್ತೆ ಬೂಸ್ಟ್ ಬಂದಾಗ ಮೊದಲು ಆ ವ್ಯಾಕ್ಯೂಮ್ ತುಂಬಿ ಆಮೇಲೆ ಒತ್ತಬೇಕು, ಅಷ್ಟು ಹೊತ್ತು ಬೂಸ್ಟ್ ಗುರಿ ದಾಟಿ ಚುಚ್ಚಿಕೊಳ್ಳುತ್ತೆ.

ಇಂಟರ್‌ಕೂಲರ್‌ನಲ್ಲಿ ಕಳೆಯೋ ಆ 0.1 ಬಾರನ್ನು ಡ್ಯೂಟಿಯಲ್ಲೇ ಸರಿಮಾಡಬಹುದು. ಇಸಿಯು ಒತ್ತಡ ಅಳೆಯೋದು ಅದರ ಸೆನ್ಸರ್‌ನಿಂದ, ಈ ಹೋಸ್‌ನಿಂದ ಅಲ್ಲ.

ಹುಬ್ಳಿ ಟರ್ಬೊ

ಒಪ್ಪಿದೆ. ಥ್ರಾಟಲ್ ಮುಂಚೆ, ಇಂಟರ್‌ಕೂಲರ್ ಆದಮ್ಯಾಲಿನ ಪೈಪಿಗೆ ನಿಪ್ಪಲ್ ಹಾಕಿದ್ರ?

ನೀಲಿ ಹೋಸ್

ನಡೆಯುತ್ತೆ, ಆದರೆ ಹೋಸ್ ಉದ್ದ ಆಗುತ್ತೆ. ಇಂಟರ್‌ಕೂಲರ್ ಪೈಪ್ ಎಲ್ಲಾದರೂ ಕಳಚಿಕೊಂಡರೆ ಆಕ್ಚುಯೇಟರ್‌ಗೆ ಒತ್ತಡವೇ ಸಿಗದೆ ಟರ್ಬೊ ಮಿತಿಮೀರಿ ತಿರುಗುತ್ತೆ. ಕಂಪ್ರೆಸರ್ ಮೇಲಿನ ನಿಪ್ಪಲ್ ಇದ್ದರೆ ಅದೇ ಉತ್ತಮ.

ಎಲ್ಲಿಂದ ತಗೊಂಡರೂ ಆ ಹೋಸ್ ಈ ಕೆಲಸಕ್ಕೆ ಮಾತ್ರ ಇರಲಿ. ಬೂಸ್ಟ್ ಗೇಜ್, ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒತ್ತಡ ಅಳೆಯೋದು, ಇಸಿಯು ಮ್ಯಾಪ್ ಅಲ್ಲ), ಫ್ಯೂಯೆಲ್ ಪ್ರೆಶರ್ ರೆಗ್ಯುಲೇಟರ್, ಡೈವರ್ಟರ್ ವಾಲ್ವ್ (ಆಕ್ಸಿಲರೇಟರ್ ಬಿಟ್ಟಾಗ ಉಳಿದ ಬೂಸ್ಟನ್ನು ಇನ್‌ಟೇಕ್‌ಗೆ ವಾಪಸ್ ಬಿಡೋದು), ಇವಕ್ಕೆಲ್ಲ ಮ್ಯಾನಿಫೋಲ್ಡ್ ಬೇಕು. ಅವನ್ನು ಆಕ್ಚುಯೇಟರ್ ಹೋಸ್‌ಗೆ ಟಿ ಹಾಕಿ ಜೋಡಿಸಬಾರದು. ಸೊಲೆನಾಯ್ಡ್ ಸೆಕೆಂಡಿಗೆ ಸುಮಾರು 30 ಸಲ ತೆರೆದು ಮುಚ್ಚುವಾಗ ಆ ಹೋಸ್‌ನಲ್ಲಿ ಒತ್ತಡ ನಡುಗುತ್ತಾ ಇರುತ್ತೆ. ಸೆನ್ಸರ್ ಅದನ್ನೇ ಓದಿದರೆ ಇಸಿಯು ಲೆಕ್ಕ ತಪ್ಪುತ್ತೆ.

ಸ್ಪ್ಯಾನರ್ 10

ಹೊರಗೆ ಬಿಡೋ ಪೋರ್ಟ್ ಬಗ್ಗೆ. ಆಕ್ಟೇವಿಯಾದಲ್ಲಿ ಮಾಸ್ ಏರ್‌ಫ್ಲೋ ಸೆನ್ಸರ್ ಇದೆ. ಒಳಗೆ ಬಂದ ಗಾಳಿಯನ್ನು ಸೆನ್ಸರ್ ಎಣಿಸಿಯಾಗಿದೆ, ಅದಕ್ಕೆ ತಕ್ಕ ಪೆಟ್ರೋಲ್ ಲೆಕ್ಕವೂ ಆಗಿದೆ. ಎಣಿಸಿದ ಗಾಳಿ ಹೊರಗೆ ಹೋಗಬಾರದು. ಕಂಪನಿ ಮಾಡಿದ ಹಾಗೆ ಸೆನ್ಸರ್ ಆದಮೇಲಿನ ಇನ್‌ಟೇಕ್ ಪೈಪಿಗೆ ವಾಪಸ್ ಬಿಡಿ. ಈ ಹೋಸ್ ಮುಚ್ಚಿಹೋದರೆ ಗಾಳಿ ಕದಿಯಲು ದಾರಿಯೇ ಇಲ್ಲ, ಎಷ್ಟು ಡ್ಯೂಟಿ ಕೊಟ್ಟರೂ ಬೂಸ್ಟ್ ಸ್ಪ್ರಿಂಗ್ ಒತ್ತಡಕ್ಕೇ ನಿಲ್ಲುತ್ತೆ.

ಮ್ಯಾಪ್ ಸೆನ್ಸರ್ ಮೇಲೇ ಓಡೋ ಗಾಡಿಯಾದರೆ ಹೊರಗಿನ ಗಾಳಿಗೆ ಬಿಡಬಹುದು. ಆದರೆ ಪೋರ್ಟಿನ ಬಾಯಿ ಬರಿದೇ ಬಿಡಬೇಡಿ, ಧೂಳು ಸೀದಾ ವಾಲ್ವ್ ಸೀಟಿಗೆ ಹೋಗುತ್ತೆ. ನ್ಯೂಮ್ಯಾಟಿಕ್ ಅಂಗಡಿಯಲ್ಲಿ ಕಾಲಿಂಚಿನ ಅರ್ಧದಷ್ಟು, ಅಂದರೆ 1/8 ಇಂಚಿನ ಹಿತ್ತಾಳೆ ಸೈಲೆನ್ಸರ್ ಸಿಗುತ್ತೆ, ಅದನ್ನು ತಿರುಗಿಸಿ ಹಾಕಿ, ಬಾಯಿ ಕೆಳಮುಖ ಇರಲಿ.

ಮೂರನೇ ಗೇರ್

ತುಂಬಾ ಸ್ಪಷ್ಟವಾಯ್ತು. ಹಳೆಯ ಹೋಸ್‌ಗಳಲ್ಲಿ ಒಂದರ ಒಳಗೆ ಸಣ್ಣ ಹಿತ್ತಾಳೆ ತುಂಡು ಇರುತ್ತೆ, ಅದನ್ನು ಹೊಸ ಹೋಸ್‌ಗೆ ಹಾಕಲೇಬೇಕು ಅಂತ ಕೇಳಿದ್ದೆ. ನನ್ನ ಗಾಡಿಯಲ್ಲಿ ಕಾಣ್ತಿಲ್ಲ.

ನೀಲಿ ಹೋಸ್

ಅದು ರಿಸ್ಟ್ರಿಕ್ಟರ್, ಪಿಲ್ ಅಂತಾರೆ. 2 ಪೋರ್ಟಿನ ಸೊಲೆನಾಯ್ಡ್ ಇರೋ ಗಾಡಿಗಳದ್ದು, ಸುಬಾರು ಡಬ್ಲ್ಯುಆರ್‌ಎಕ್ಸ್ ಒಳ್ಳೆಯ ಉದಾಹರಣೆ. ಅಲ್ಲಿ ಟರ್ಬೊದಿಂದ ಬಂದ ಹೋಸ್ ಒಂದು ಟಿ-ಜಾಯಿಂಟ್‌ಗೆ ಸೇರುತ್ತೆ. ಟಿ-ಯ ಒಂದು ಕಾಲು ಆಕ್ಚುಯೇಟರ್‌ಗೆ, ಇನ್ನೊಂದು ಸೊಲೆನಾಯ್ಡ್ ಮೂಲಕ ವಾಪಸ್ ಇನ್‌ಟೇಕ್‌ಗೆ. ಸೊಲೆನಾಯ್ಡ್ ಬರೀ ಸೋರಿಸುತ್ತೆ, ಬರೋ ಗಾಳಿಯನ್ನು ತಡೆಯೋದಿಲ್ಲ. ಅದಕ್ಕೇ ಬರೋ ಗಾಳಿಯನ್ನೇ ಕಿರಿದು ಮಾಡಲು ಟರ್ಬೊ ಮತ್ತು ಟಿ ಮಧ್ಯೆ ಸುಮಾರು 1 ಮಿ.ಮೀ. ತೂತಿನ ಪಿಲ್ ಇಡ್ತಾರೆ.

ಹೊಸ ಹೋಸ್ ಹಾಕುವಾಗ ಪಿಲ್ ಹಳೆಯ ಹೋಸ್ ಜೊತೆ ಕಸಕ್ಕೆ ಹೋದರೆ ಬರೋ ಗಾಳಿ ಜಾಸ್ತಿ, ಸೋರೋದು ಸಾಲದು, ಬೂಸ್ಟ್ ಏರೋದೇ ಇಲ್ಲ. ಅದನ್ನೇ ಟಿ ಮತ್ತು ಸೊಲೆನಾಯ್ಡ್ ಮಧ್ಯೆ ಇಟ್ಟರೂ ಹಾಗೇ, ಸೋರೋ ದಾರಿ ಕಿರಿದಾಯ್ತಲ್ಲ. ತೂತು ತೀರಾ ಚಿಕ್ಕದಾದರೆ, ಇಲ್ಲವೇ ಕೊಳೆ ಕಟ್ಟಿದರೆ ಉಲ್ಟಾ: ಆಕ್ಚುಯೇಟರ್‌ಗೆ ಗಾಳಿ ಸಾಲದೆ ಓವರ್‌ಬೂಸ್ಟ್. ಟಿ ಮತ್ತು ಆಕ್ಚುಯೇಟರ್ ಮಧ್ಯೆ ಇಟ್ಟರೆ ಗೇಟ್ ತಡವಾಗಿ ತೆರೆದು ಬೂಸ್ಟ್ ಚಿಮ್ಮುತ್ತೆ.

3 ಪೋರ್ಟಿನ ಸೊಲೆನಾಯ್ಡ್‌ಗೆ ಪಿಲ್ ಬೇಡವೇ ಬೇಡ. ಡಬ್ಲ್ಯುಆರ್‌ಎಕ್ಸ್‌ಗೆ 3 ಪೋರ್ಟ್ ಹಾಕೋರು ಟಿ-ಯನ್ನೂ ಪಿಲ್ಲನ್ನೂ ಎರಡೂ ತೆಗೀಬೇಕು.

ಜೆ.ಸಿ. ರಸ್ತೆ

ಹೋಸ್ ವಿಷಯದಲ್ಲೇ ಜಾಸ್ತಿ ಜನ ಎಡವೋದು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೀತೀನಿ.

ಆಕ್ಚುಯೇಟರ್ ಮತ್ತು ಸೊಲೆನಾಯ್ಡ್‌ಗೆ ಒಳ ಅಳತೆ 4 ಮಿ.ಮೀ. ಸಿಲಿಕೋನ್ ಹೋಸ್, ಗೋಡೆ ದಪ್ಪ 2 ಮಿ.ಮೀ.ಗಿಂತ ಕಡಿಮೆ ಬೇಡ. ಡೈವರ್ಟರ್ ವಾಲ್ವ್‌ನ ಸಿಗ್ನಲ್‌ಗೆ 6 ಮಿ.ಮೀ. ತಗೊಳ್ಳಿ, ಅದಕ್ಕೆ ಗಾಳಿ ಬೇಗ ಹೋಗಿ ಬರಬೇಕು. ಆದರೆ ಸಿಲಿಕೋನ್‌ಗೆ ಎಣ್ಣೆ ಮತ್ತು ಪೆಟ್ರೋಲ್ ಆಗಿಬರಲ್ಲ, ಉಬ್ಬಿ ಮೆತ್ತಗಾಗುತ್ತೆ. ಫ್ಯೂಯೆಲ್ ಪ್ರೆಶರ್ ರೆಗ್ಯುಲೇಟರ್‌ಗೆ, ಎಣ್ಣೆ ಆವಿ ಬರೋ ಬ್ರೀದರ್ ಕಡೆಗೆ ಫ್ಯೂಯೆಲ್ ದರ್ಜೆಯ ರಬ್ಬರ್ ಹೋಸ್ ಬಳಸಿ.

ಎಸ್.ಪಿ. ರಸ್ತೆಯ ನ್ಯೂಮ್ಯಾಟಿಕ್ ಅಂಗಡಿಯಲ್ಲಿ ಸಿಗೋ ನೀಲಿ ಪಾಲಿಯುರೆಥೇನ್ ಟ್ಯೂಬ್ ನೋಡೋಕೆ ಚೆನ್ನಾಗಿರುತ್ತೆ, ಮೆಷಿನ್‌ಗೆ ಒಳ್ಳೆಯದು, ಬಾನೆಟ್ ಕೆಳಗೆ ಬೇಡ. ಬಿಸಿಗೆ ಮೆತ್ತಗಾಗಿ ಪುಶ್ ಫಿಟ್ಟಿಂಗ್‌ನಿಂದ ಜಾರುತ್ತೆ. ಅಕ್ವೇರಿಯಂ ಟ್ಯೂಬ್, ಡ್ರಿಪ್ ಟ್ಯೂಬ್ ಹಾಕಿ ಕಳಿಸೋ ಗ್ಯಾರೇಜ್‌ಗಳೂ ಇವೆ. ಅದನ್ನು ಕಂಡ ದಿನವೇ ಬದಲಾಯಿಸಿ.

ಹಳೆಯ ಹೋಸ್ ಕೆಟ್ಟಿದೆಯಾ ಅಂತ ಮೇಲಿಂದ ನೋಡಿದರೆ ಗೊತ್ತಾಗಲ್ಲ. ನಿಪ್ಪಲ್ ಮೇಲೆ ಕೂತ ಕೊನೆಯ 1 ಸೆಂ.ಮೀ. ನೋಡಬೇಕು. ಹೋಸನ್ನು ನಿಧಾನ ಎಳೆದು ತುದಿಯನ್ನು ಬೆರಳಲ್ಲಿ ಅದುಮಿ, ಬಾಯಿಯಿಂದ ಹೊರಕ್ಕೆ ಸಣ್ಣ ಸಣ್ಣ ಸೀಳು ತೆರೆದುಕೊಳ್ಳುತ್ತವೆ. ತಣ್ಣಗಿರುವಾಗ ಮುಚ್ಚಿಕೊಂಡಿರೋ ಆ ಸೀಳು ಬಿಸಿಯಾಗಿ ಒತ್ತಡ ಬಂದಾಗ ಮಾತ್ರ ಸೋರುತ್ತೆ. ಅದಕ್ಕೇ ಗ್ಯಾರೇಜ್‌ನಲ್ಲಿ ನಿಂತಾಗ ಗಾಡಿ ಸರಿ ಇರುತ್ತೆ, ಹೈವೇಯಲ್ಲಿ ಎಳೆತ ಹೋಗುತ್ತೆ. ಹೋಸ್ ಉದ್ದ ಸಾಕಷ್ಟಿದ್ದರೆ ಆ ತುದಿ 2 ಸೆಂ.ಮೀ. ಕತ್ತರಿಸಿ ಮತ್ತೆ ಹಾಕಬಹುದು. ಎಣ್ಣೆ ಕುಡಿದು ಊದಿಕೊಂಡಿದ್ದರೆ ಪೂರ್ತಿ ಬಿಸಾಕಿ.

ಎನ್75ನಂಥ ಪ್ಲಾಸ್ಟಿಕ್ ನಿಪ್ಪಲ್‌ಗೆ ಸ್ಕ್ರೂ ಕ್ಲಿಪ್ಪು ಬಿಗಿದರೆ ನಿಪ್ಪಲ್ ಬಿರುಕು ಬಿಡುತ್ತೆ. ಸ್ಪ್ರಿಂಗ್ ಕ್ಲಿಪ್ಪು ಹಾಕಿ. ಮ್ಯಾಕ್‌ನ ಪೋರ್ಟ್ ದಾರ 1/8 ಎನ್‌ಪಿಟಿ. ಫಿಟ್ಟಿಂಗ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಟೇಪಿನ ಚೂರು ಒಳಗೆ ಹೋಗಿ ವಾಲ್ವ್ ಸೀಟ್ ಮೇಲೆ ಕೂತರೆ ಸೊಲೆನಾಯ್ಡ್ ಸದಾ ಸೋರುತ್ತೆ. ದ್ರವ ಸೀಲೆಂಟನ್ನು ಮೊದಲ ದಾರ ಬಿಟ್ಟು ಹಚ್ಚಿ, ಕೈಯಲ್ಲಿ ಬಿಗಿಯಾದ ಮೇಲೆ ಸ್ಪ್ಯಾನರ್‌ನಲ್ಲಿ ಒಂದು ಸುತ್ತು ಸಾಕು.

90 ಸೆಂ.ಮೀ. ಬೇಡ ಸರ್. ಸೊಲೆನಾಯ್ಡ್‌ನಿಂದ ಆಕ್ಚುಯೇಟರ್‌ಗೆ 30 ಸೆಂ.ಮೀ. ಆಸುಪಾಸು ಇರಲಿ. ಹೋಸ್ ಉದ್ದವಾದಷ್ಟೂ ತುಂಬಿಸಬೇಕಾದ ಗಾಳಿ ಹೆಚ್ಚು, ಪ್ರತಿಕ್ರಿಯೆ ನಿಧಾನ. ಸೊಲೆನಾಯ್ಡನ್ನು ಎಂಜಿನ್ ಮೇಲೆ ಅಲ್ಲ, ಬಾಡಿ ಮೇಲೆ ಕೂರಿಸಿ, ಅದುರುವಿಕೆ ಕಡಿಮೆ. ನಿಪ್ಪಲ್‌ಗಳು ಕೆಳಮುಖವಾಗಿದ್ದರೆ ಎಣ್ಣೆ ಪಸೆ ಒಳಗೆ ನಿಲ್ಲಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ 10 ಸೆಂ.ಮೀ. ದೂರ ಇಡಲು ಜಾಗ ಸಿಗದ ಕಡೆ ಹೋಸ್ ಬದಲು ಸ್ಟೀಲ್ ಪೈಪ್ ಹಾಕಿ, ತುದಿಯಲ್ಲಿ ಮಾತ್ರ ಗಿಡ್ಡ ಹೋಸ್. ಅದರ ಮೇಲೆ ಫೈಬರ್‌ಗ್ಲಾಸ್ ತೋಳು.

ಕರಾವಳಿ ಡೀಸೆಲ್

ಇಲ್ಲಿ ಓದುವವರಲ್ಲಿ ಡೀಸೆಲ್‌ನವರೂ ಉಂಟು, ಅವರಿಗಾಗಿ ಬರೆಯುತ್ತೇನೆ. ವ್ಯಾಕ್ಯೂಮ್‌ನಿಂದ ನಡೆಯುವ ವಿಜಿಟಿ (ಎಕ್ಸಾಸ್ಟ್ ದಾರಿಯ ಎಲೆಗಳನ್ನು ತಿರುಗಿಸಿ ಬೂಸ್ಟ್ ಬದಲಿಸುವ) ಟರ್ಬೊದಲ್ಲಿ ಮೇಲಿನ ಲೆಕ್ಕ ತಲೆಕೆಳಗು. ಫಿಯೆಟ್‌ನ 1.3 ಮಲ್ಟಿಜೆಟ್‌ನಲ್ಲೇ ಎರಡೂ ಬಗೆ ಸಿಗುತ್ತದೆ: 75 ಅಶ್ವಶಕ್ತಿಯದ್ದಕ್ಕೆ ವೇಸ್ಟ್‌ಗೇಟ್ ಟರ್ಬೊ, ಎಸ್‌ಎಕ್ಸ್4, ಎರ್ಟಿಗಾದಲ್ಲಿ ಬಂದ 90 ಅಶ್ವಶಕ್ತಿಯದ್ದಕ್ಕೆ ವಿಜಿಟಿ. ಒಂದರ ಸಲಹೆ ಇನ್ನೊಂದಕ್ಕೆ ಆಗುವುದಿಲ್ಲ.

ವ್ಯಾಕ್ಯೂಮ್ ವಿಜಿಟಿಯಲ್ಲಿ ವ್ಯಾಕ್ಯೂಮ್ ಇಲ್ಲದಿದ್ದರೆ ಎಲೆಗಳು ಅಗಲವಾಗಿ ತೆರೆದಿರುತ್ತವೆ, ಬೂಸ್ಟ್ ಕಡಿಮೆ. ವ್ಯಾಕ್ಯೂಮ್ ಎಳೆದಷ್ಟೂ ಎಲೆಗಳು ಮುಚ್ಚಿ ಬೂಸ್ಟ್ ಏರುತ್ತದೆ. ಕರೆಂಟ್ ಹೋದರೆ ಬೂಸ್ಟ್ ಇಳಿಯಬೇಕು ಎಂದು ನೀಲಿ ಹೋಸ್ ಹೇಳಿದ ನಿಯಮ ಇಲ್ಲೂ ಅದೇ, ಆದರೆ ಇಲ್ಲಿ ಹೋಸ್ ಕಳಚಿದರೂ ಬೂಸ್ಟ್ ಇಳಿಯುತ್ತದೆ. ಹಾಗಾಗಿ ಹೋಸ್ ಸೋರಿದರೆ ಪೆಟ್ರೋಲ್‌ನಲ್ಲಿ ಓವರ್‌ಬೂಸ್ಟ್, ದೋಷದ ಕೋಡ್ ಪಿ0234. ಇಲ್ಲಿ ಪಿಕಪ್ ಇಲ್ಲ, ಪಿ0299.

ಫೋಕ್ಸ್‌ವ್ಯಾಗನ್ ಗುಂಪಿನ ಟಿಡಿಐಗಳಲ್ಲಿ ಸೊಲೆನಾಯ್ಡ್ ಮೇಲೆ ವ್ಯಾಕ್, ಔಟ್, ಎಟಿಎಂ ಎಂದು ಅಚ್ಚು ಇರುತ್ತದೆ. ವ್ಯಾಕ್ ಪಂಪಿಗೆ, ಔಟ್ ಟರ್ಬೊಗೆ, ಎಟಿಎಂ ಶುದ್ಧ ಗಾಳಿ ಒಳಗೆ ಬರಲು. ಎಟಿಎಂನ ತುದಿಯ ಸ್ಪಂಜು ಧೂಳಿನಿಂದ ಕಟ್ಟಿದರೆ ಎಳೆದ ವ್ಯಾಕ್ಯೂಮ್ ಬಿಡಲು ದಾರಿ ಇಲ್ಲ, ಎಲೆಗಳು ಮುಚ್ಚಿಯೇ ಉಳಿದು ಓವರ್‌ಬೂಸ್ಟ್, ಗಾಡಿ ಲಿಂಪ್ ಮೋಡಿಗೆ (ಇಸಿಯು ಶಕ್ತಿ ಇಳಿಸಿ ಓಡಿಸುವ ಸ್ಥಿತಿ). ಟರ್ಬೊವೇ ಹೋಯಿತು ಎಂದು ಬದಲಾಯಿಸುವ ಮೊದಲು ಈ ಸ್ಪಂಜನ್ನು ತೆಗೆದು ನೋಡಿ, ದಯವಿಟ್ಟು.

ಇಜಿಆರ್‌ಗೂ (ಎಕ್ಸಾಸ್ಟ್ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್‌ಗೆ ಕಳಿಸುವ ವಾಲ್ವ್) ಟರ್ಬೊಗೂ ಒಂದೇ ರೂಪದ ಸೊಲೆನಾಯ್ಡ್ ಅಕ್ಕಪಕ್ಕ ಇರುವ ಗಾಡಿಗಳಲ್ಲಿ ಹೋಸ್ ಅದಲುಬದಲಾಗುವುದು ಸರ್ವೇಸಾಮಾನ್ಯ. ಆಗ ಕಪ್ಪು ಹೊಗೆ, ಎಳೆತ ಇಲ್ಲ.

ಬ್ರೇಕ್ ಬೂಸ್ಟರಿಗೂ ವ್ಯಾಕ್ಯೂಮ್ ಅದೇ ಪಂಪಿನಿಂದ ಬರುವುದು. ಬ್ರೇಕಿನ ದಪ್ಪ ಪೈಪಿನಿಂದ ಸಣ್ಣ ಹೋಸ್ ಕವಲೊಡೆಯುವ ಜಾಗದಲ್ಲಿ ಕಿರಿದಾದ ತೂತು ಇಟ್ಟಿರುತ್ತಾರೆ, ಸಣ್ಣ ಹೋಸ್ ತುಂಡಾದರೂ ಬ್ರೇಕ್ ಉಳಿಯಲಿ ಎಂದು. ಅದನ್ನು ಕೊರೆದು ದೊಡ್ಡದು ಮಾಡಬೇಡಿ. ಬ್ರೇಕ್ ಕಡೆಯ ಒನ್‌ವೇ ವಾಲ್ವಿನ ಬಾಣದ ಗುರುತು ಪಂಪಿನ ಕಡೆಗಿರಬೇಕು.

ಹುಬ್ಳಿ ಟರ್ಬೊ

ಪಂಪ್ ಚಲೋ ಐತೋ ಇಲ್ಲೋ ಅಂತ ನೋಡಾಕ ಗೇಜ್‌ನಾಗ ಎಷ್ಟು ಬರಬೇಕ್ರಿ? ಒಬ್ಬೊಬ್ರು ಒಂದೊಂದ್ ಹೇಳ್ತಾರ.

ಕರಾವಳಿ ಡೀಸೆಲ್

ಊರಿನ ಎತ್ತರದ ಮೇಲೆ ಉಂಟು. ವಾತಾವರಣದ ಒತ್ತಡಕ್ಕಿಂತ ಹೆಚ್ಚು ವ್ಯಾಕ್ಯೂಮ್ ಯಾವ ಪಂಪಿನಿಂದಲೂ ಸಾಧ್ಯವಿಲ್ಲ. ಮಂಗಳೂರಿನಲ್ಲಿ ಒಳ್ಳೆಯ ಪಂಪು ಸುಮಾರು 700 ಮಿ.ಮೀ. ಪಾದರಸ ತೋರಿಸಿದರೆ ಅದೇ ಪಂಪು ಬೆಂಗಳೂರಿನಲ್ಲಿ 620ರ ಹತ್ತಿರ ತೋರಿಸುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿಯ ಗಾಳಿಯ ಒತ್ತಡವೇ 0.91 ಬಾರ್ ಆಸುಪಾಸು. 620 ನೋಡಿ ಪಂಪು ಸತ್ತಿದೆ ಎಂದು ಬದಲಾಯಿಸಿದರೆ ಹಣ ದಂಡ. ಹುಬ್ಬಳ್ಳಿಯ ಅಂಕಿ ಈ ಎರಡರ ನಡುವೆ ಬರಬೇಕು.

ಆಕ್ಚುಯೇಟರನ್ನು ಕೈಪಂಪಿನಿಂದ ಪರೀಕ್ಷಿಸಿ. ನಿಧಾನ ಎಳೆದಾಗ ರಾಡ್ ತಡೆಯದೆ ಒಂದೇ ಸಮ ಸರಿಯಬೇಕು, 0.6 ಬಾರಿನಲ್ಲಿ ನಿಲ್ಲಿಸಿದರೆ ಒಂದು ನಿಮಿಷ ಮುಳ್ಳು ಬೀಳಬಾರದು. ಮುಳ್ಳು ಬಿದ್ದರೆ ಡಯಾಫ್ರಾಮ್ ಹರಿದಿದೆ. ಮುಳ್ಳು ನಿಂತು ರಾಡ್ ಮಧ್ಯದಲ್ಲಿ ಸಿಕ್ಕಿಕೊಂಡರೆ ಮಸಿಯಿಂದ ಎಲೆಗಳು ಅಂಟಿವೆ, ಹೋಸಿನ ದೋಷ ಅಲ್ಲ.

ಸ್ಪ್ಯಾನರ್ 10

ಎತ್ತರದ ಮಾತು ಪೆಟ್ರೋಲ್‌ಗೂ ಅನ್ವಯಿಸುತ್ತೆ. ಆಕ್ಚುಯೇಟರ್ ಸ್ಪ್ರಿಂಗ್ 0.5 ಬಾರ್ ಅಂದರೆ ಹೊರಗಿನ ಗಾಳಿಗಿಂತ 0.5 ಹೆಚ್ಚು. ಮಂಗಳೂರಲ್ಲಿ ಒಟ್ಟು 1.51, ಬೆಂಗಳೂರಲ್ಲಿ 1.41. ಇಸಿಯು ಒಟ್ಟು 1.6 ಬೇಕು ಅಂದರೆ ಬೆಂಗಳೂರಲ್ಲಿ 0.1 ಬಾರ್ ಹೆಚ್ಚು ದುಡಿಯಬೇಕು. ಶಿರಾಡಿ ಘಾಟಿ ಹತ್ತಿ ಮೇಲೆ ಬಂದ ಗಾಡಿಯಲ್ಲಿ ಡ್ಯೂಟಿ ಹೆಚ್ಚು ಕಂಡರೆ ಅದು ಸೋರಿಕೆ ಅಂತ ತಕ್ಷಣ ತೀರ್ಮಾನಿಸಬೇಡಿ.

ಗೇರ್‌ಬಾಕ್ಸ್ ಗೌಡ

ಸೊಲೆನಾಯ್ಡ್ ಬದಲು ಕೈಯಲ್ಲಿ ತಿರುಗಿಸೋ ಬೂಸ್ಟ್ ಕಂಟ್ರೋಲರ್ ಹಾಕಿದರೆ ಹೇಗೆ ಗುರು? ಗುಂಡು ಮತ್ತು ಸ್ಪ್ರಿಂಗ್ ಇರೋದು.

ನೀಲಿ ಹೋಸ್

ಟರ್ಬೊ ಮತ್ತು ಆಕ್ಚುಯೇಟರ್ ಮಧ್ಯೆ, ಬಾಣ ಆಕ್ಚುಯೇಟರ್ ಕಡೆಗೆ. ಒಳಗಿನ ಸ್ಪ್ರಿಂಗ್ ಗುಂಡನ್ನು ಒತ್ತಿ ಹಿಡಿದಿರುತ್ತೆ, ಗುರಿ ಒತ್ತಡ ಬರೋವರೆಗೆ ಆಕ್ಚುಯೇಟರ್‌ಗೆ ಗಾಳಿಯೇ ಬಿಡಲ್ಲ. ಆಕ್ಚುಯೇಟರ್ ಬದಿಯಲ್ಲಿ ಸೂಜಿಮೊನೆಯಷ್ಟು ಸೋರುಕಿಂಡಿ ಇದೆಯಾ ನೋಡಿ. ಅದಿಲ್ಲದಿದ್ದರೆ ಆಕ್ಸಿಲರೇಟರ್ ಬಿಟ್ಟ ಮೇಲೂ ಒತ್ತಡ ಒಳಗೇ ಸಿಕ್ಕಿಕೊಂಡು ವೇಸ್ಟ್‌ಗೇಟ್ ತೆರೆದೇ ಇರುತ್ತೆ, ಮುಂದಿನ ಸಲ ಬೂಸ್ಟ್ ನಿಧಾನ.

ಆದರೆ 1.8 ಟರ್ಬೊದಂಥ ಗಾಡಿಗೆ ನಾನು ಹಾಕಿ ಅನ್ನಲ್ಲ. ಬಿಸಿಲಲ್ಲಿ, ಕಳಪೆ ಪೆಟ್ರೋಲ್‌ನಲ್ಲಿ ಇಸಿಯು ಬೂಸ್ಟ್ ಇಳಿಸಬೇಕು ಅಂದಾಗ ಇದು ಮಾತು ಕೇಳೋದಿಲ್ಲ. ಆ ಕಾವಲನ್ನು ಕಳ್ಕೊಬಾರದು.

ಮೂರನೇ ಗೇರ್

ಹೋಸ್ ಎಲ್ಲ ಹಾಕಿದ ಮೇಲೆ ರಸ್ತೆಗೆ ಇಳಿಸೋ ಮೊದಲು ಏನೇನು ನೋಡಬೇಕು?

ನೀಲಿ ಹೋಸ್

ಮೊದಲು ಸೋರಿಕೆ. ಮಾಸ್ ಏರ್‌ಫ್ಲೋ ಸೆನ್ಸರ್ ಬಿಚ್ಚಿ, ಇನ್‌ಟೇಕ್ ಪೈಪಿನ ಬಾಯಿಗೆ ಟೈರ್ ವಾಲ್ವ್ ಕೂರಿಸಿದ ಪಿವಿಸಿ ಮುಚ್ಚಳ ಬಿಗಿಯಿರಿ. ಕಂಪ್ರೆಸರ್‌ನಿಂದ ರೆಗ್ಯುಲೇಟರ್ ಇಟ್ಟು 0.5 ಬಾರ್, ಹೆಚ್ಚೆಂದರೆ 0.7 ಕೊಡಿ. ಸೋಪು ನೀರು ಹಚ್ಚಿ ಪ್ರತಿ ಸೇರುವೆ ನೋಡಿ. ಡೈವರ್ಟರ್ ವಾಲ್ವನ್ನು ಬಿಚ್ಚಿ ಪರೀಕ್ಷಿಸಿ: ಒಳಗಿನ ಪಿಸ್ಟನ್ ಬೆರಳಲ್ಲಿ ಒತ್ತಿ, ಸಿಗ್ನಲ್ ನಿಪ್ಪಲನ್ನು ಇನ್ನೊಂದು ಬೆರಳಿಂದ ಮುಚ್ಚಿ, ಒತ್ತಿದ ಬೆರಳು ಬಿಡಿ. ಪಿಸ್ಟನ್ ಒಳಗೇ ನಿಲ್ಲಬೇಕು. ನಿಧಾನ ಹೊರಬಂದರೆ ಡಯಾಫ್ರಾಮ್ ಹೋಗಿದೆ.

ಆಮೇಲೆ ಸೊಲೆನಾಯ್ಡ್ ಕನೆಕ್ಟರ್ ಕಿತ್ತಿಟ್ಟು ಓಡಿಸಿ. ಬೂಸ್ಟ್ ಗೇಜ್ ಸ್ಪ್ರಿಂಗ್ ಒತ್ತಡಕ್ಕೆ ಬಂದು ನಿಲ್ಲಬೇಕು. ಅದಕ್ಕಿಂತ ಮೇಲೆ ಹೋಗ್ತಾ ಇದ್ದರೆ ತಕ್ಷಣ ಕಾಲು ತೆಗೀರಿ, ಹೋಸ್ ತಪ್ಪಿದೆ ಅಥವಾ ಎಲ್ಲೋ ಕಳಚಿದೆ. ಇದು ಸರಿಬರೋವರೆಗೆ ಮುಂದಿನ ಹೆಜ್ಜೆ ಇಡಬೇಡಿ.

ನಂತರ ಡ್ಯೂಟಿ 20%ರಿಂದ ಶುರು ಮಾಡಿ 5%ರಂತೆ ಏರಿಸೋದು, ಸಾಧ್ಯವಾದರೆ ಡೈನೊ (ಗಾಡಿಯ ಶಕ್ತಿ ಅಳೆಯೋ ಯಂತ್ರ) ಮೇಲೆ. ಓವರ್‌ಬೂಸ್ಟ್ ಕಟ್ ಗುರಿಗಿಂತ 0.2 ಬಾರ್ ಮೇಲೆ ಇರಲಿ. ಗುರಿ ಸ್ಪ್ರಿಂಗ್ ಒತ್ತಡದ ಎರಡು ಪಟ್ಟಿಗಿಂತ ಹೆಚ್ಚು ಬೇಕಾದರೆ ಡ್ಯೂಟಿ ಏರಿಸ್ತಾ ಹೋಗೋದಕ್ಕಿಂತ ಗಟ್ಟಿ ಸ್ಪ್ರಿಂಗ್‌ನ ಆಕ್ಚುಯೇಟರ್ ಹಾಕೋದು ಸರಿ, ಯಾಕಂದ್ರೆ ಮೇಲಿನ ಆರ್‌ಪಿಎಂನಲ್ಲಿ ಎಕ್ಸಾಸ್ಟ್ ಒತ್ತಡವೇ ಮೆತ್ತನೆ ಸ್ಪ್ರಿಂಗನ್ನು ಸೋಲಿಸಿ ಗೇಟ್ ತೆರೆಯುತ್ತೆ, ಬೂಸ್ಟ್ ಇಳಿಯುತ್ತೆ.

ಮೂರನೇ ಗೇರ್

ಕೊನೆಯ ಪ್ರಶ್ನೆ. ಮ್ಯಾನಿಫೋಲ್ಡ್ ಹತ್ತಿರ ಎನ್249 ಅನ್ನೋ ಇನ್ನೊಂದು ಸೊಲೆನಾಯ್ಡ್, ಒಂದು ವ್ಯಾಕ್ಯೂಮ್ ಡಬ್ಬಿ, ಎರಡು ಮೂರು ಒನ್‌ವೇ ವಾಲ್ವ್ ಇವೆ. ಅವಕ್ಕೂ ಬೂಸ್ಟ್ ಕಂಟ್ರೋಲ್‌ಗೂ ಸಂಬಂಧ ಇದೆಯಾ? ತೆಗೆದರೆ ಹೋಸ್ ಅರ್ಧಕ್ಕೆ ಇಳಿಯುತ್ತೆ.

ಸ್ಪ್ಯಾನರ್ 10

ವೇಸ್ಟ್‌ಗೇಟ್‌ಗೆ ಸಂಬಂಧ ಇಲ್ಲ. ಅದು ಡೈವರ್ಟರ್ ವಾಲ್ವ್‌ನದ್ದು, ಇಸಿಯು ತನಗೆ ಬೇಕಾದಾಗ ಡಬ್ಬಿಯ ವ್ಯಾಕ್ಯೂಮ್ ಕೊಟ್ಟು ಡೈವರ್ಟರ್ ತೆರೆಯಲು. ಬೇಡ ಅನ್ನಿಸಿದರೆ ಮ್ಯಾನಿಫೋಲ್ಡ್‌ನಿಂದ ಡೈವರ್ಟರ್‌ಗೆ ನೇರ ಒಂದು 6 ಮಿ.ಮೀ. ಹೋಸ್ ಹಾಕಿ. ಖಾಲಿ ಆದ ಪ್ರತಿ ನಿಪ್ಪಲ್‌ಗೂ ರಬ್ಬರ್ ಟೊಪ್ಪಿ ಹಾಕಿ ಕ್ಲಿಪ್ಪು ಬಿಗೀರಿ. ಬರೀ ಟೊಪ್ಪಿ ಬೂಸ್ಟ್‌ಗೆ ಹಾರಿಹೋಗುತ್ತೆ. ಎನ್249 ಅನ್ನು ಗಾಡಿಯಲ್ಲೇ ಬಿಟ್ಟು ಅದರ ವೈರ್ ಕನೆಕ್ಟರ್ ಸಿಕ್ಕಿಸಿಯೇ ಇಡಿ, ಕಿತ್ತರೆ ಚೆಕ್ ಲೈಟ್ ಬರುತ್ತೆ. ಬ್ರೇಕ್ ಬೂಸ್ಟರ್‌ಗೆ ಹೋಗೋ ದಪ್ಪ ಪೈಪು, ಅದರ ಒನ್‌ವೇ ವಾಲ್ವ್ ಎರಡನ್ನೂ ಮುಟ್ಟಬೇಡಿ. ಹೋಸ್ ಕಡಿಮೆ ಮಾಡುವ ಉತ್ಸಾಹದಲ್ಲಿ ಅದಕ್ಕೆ ಕೈ ಹಾಕೋ ಮೊದಲು ಪ್ರತಿ ಹೋಸನ್ನೂ ಎರಡೂ ತುದಿವರೆಗೆ ಬೆರಳಲ್ಲಿ ಹಿಂಬಾಲಿಸಿ ನೋಡಿ.